ನೀರಿನ ಮಾತ್ರೆ ಬಿಟ್ಟು ಕುಣಿಗಲ್ಲಿಗೆ ಹೋದದ್ದು

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಗುಬ್ಬಿಯಲ್ಲಿ ಬಸ್ಸು ಹತ್ತುವ ಹೊತ್ತಿಗೇ ನಾನು ಎರಡು ತಪ್ಪು ಮಾಡಿಯಾಗಿತ್ತು. ಬೆಳಿಗ್ಗೆ ನುಂಗಬೇಕಿದ್ದ ನೀರಿನ ಮಾತ್ರೆ ನುಂಗಿರಲಿಲ್ಲ. ಒಂದು ಲೋಟ ಕಾಫಿ ಬಿಟ್ಟರೆ ಗಂಟಲಿಗೆ ಹನಿ ನೀರು ಇಳಿಸಿರಲಿಲ್ಲ.

ಆಗಷ್ಟೇ ಎಂಬತ್ತರ ದಶಕ ಶುರುವಾಗಿತ್ತು. ನನಗೆ ಬಿ.ಪಿ. ಇದೆ, ಕಾಲು ಊದಿಕೊಳ್ಳುತ್ತದೆ ಎಂದು ತುಮಕೂರಿನ ಡಾಕ್ಟರು ಈ ಮಾತ್ರೆ ಬರೆದುಕೊಟ್ಟು ನಾಲ್ಕು ತಿಂಗಳಾಗಿತ್ತು. ಮೈಯಲ್ಲಿ ನಿಂತ ನೀರನ್ನೂ ಉಪ್ಪನ್ನೂ ಅದು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ನುಂಗಿದ ಮೇಲೆ ಮೂರು ನಾಲ್ಕು ಗಂಟೆ ಬಚ್ಚಲು ಬಿಟ್ಟು ದೂರ ಹೋಗುವ ಹಾಗಿಲ್ಲ. ಗಂಡಸರಿಗೇನು, ರಸ್ತೆಯ ಪಕ್ಕದ ಯಾವ ಮರವಾದರೂ ಆದೀತು. ಬಸ್ ಸ್ಟ್ಯಾಂಡಿನಲ್ಲಿ ಹೆಂಗಸು ಎಲ್ಲಿಗೆ ಹೋಗಬೇಕು? ಅದಕ್ಕೇ ಬಸ್ಸಿನ ದಿನ ಮಾತ್ರೆ ಬಿಡುವುದು, ಮಾರನೆಯ ದಿನ ಎರಡು ನುಂಗುವುದು ಎಂದು ನಾನೇ ಒಂದು ಕಾನೂನು ಮಾಡಿಕೊಂಡಿದ್ದೆ. ಮಕ್ಕಳಿಗೆ ಪಾಠ ಹೇಳುವವಳು, ಯಾರನ್ನೂ ಕೇಳುವ ಅಭ್ಯಾಸವಿಲ್ಲ.

"ಒಬ್ರೇನಾ ಮೇಡಂ?" ಎಂದ ಕಂಡಕ್ಟರ್, ಟಿಕೆಟ್ ಹರಿಯುತ್ತಾ.

"ಒಬ್ಳೇ ಕಣಪ್ಪ. ಇನ್ನೊಬ್ಬರು ಕಾಣಿಸ್ತಾ ಇದಾರಾ?"

ಪಾಪ, ಅವನ ಮೇಲೆ ರೇಗಿ ಏನು ಬಂತು. ಗಂಡ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕಿಟಕಿಯಾಚೆ ಕಂಡದ್ದನ್ನು "ಅಲ್ನೋಡಿ" ಎಂದು ತೋರಿಸಲು ಈಗಲೂ ಬಾಯಿ ತೆರೆಯುತ್ತದೆ. ಅಂದು ನನ್ನ ಪಕ್ಕದ ಸೀಟಿನಲ್ಲಿದ್ದದ್ದು ಯಾರದೋ ಹುಣಸೆಹಣ್ಣಿನ ಮೂಟೆ.

ತುಮಕೂರಿಗೆ ಮುಕ್ಕಾಲು ಗಂಟೆ, ಅಲ್ಲಿ ಕಾಯುವುದು ಒಂದು ಗಂಟೆ. ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು, ಆದರೂ ನೀರು ಕುಡಿಯಲಿಲ್ಲ. ಹೆಬ್ಬೂರು ದಾಟಿ ಕುಣಿಗಲ್ಲಿನಲ್ಲಿ ಇಳಿಯುವಾಗ ಚಪ್ಪಲಿಯ ಪಟ್ಟಿ ಊದಿದ ಪಾದದೊಳಗೆ ಕಚ್ಚಿಕೊಂಡಿತ್ತು.

ನಾನು ಹೋದದ್ದು ಮೆಹರುನ್ನಿಸಾಳ ಮನೆಗೆ. ಟೀಚರ್ ಟ್ರೈನಿಂಗಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಅವಳ ಗಂಡನದು ಪೇಟೆಯಲ್ಲಿ ಬಳೆ ಅಂಗಡಿ, ಮನೆ ತುಂಬ ಜನ. ನನಗೆಂದು ಬೇರೆ ಒಲೆಯಲ್ಲಿ ಚಿತ್ರಾನ್ನ ಮಾಡಿದ್ದಳು. ಊಟದ ಹೊತ್ತಿಗೆ ಅವಳ ಸೊಸೆ, ಮೊಮ್ಮಕ್ಕಳು, ನಾದಿನಿ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಅಷ್ಟು ಸದ್ದಿನ ನಡುವೆ ನನಗೆ ನನ್ನ ಗುಬ್ಬಿಯ ಒಂಟಿ ಕೋಣೆಯೇ ಕಣ್ಣಿಗೆ ಕಟ್ಟುತ್ತಿತ್ತು. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು.

ಭಾನುವಾರ ಬೆಳಿಗ್ಗೆ ನಿನ್ನೆಯದೂ ಇವತ್ತಿನದೂ ಸೇರಿಸಿ ಎರಡು ಮಾತ್ರೆ ನುಂಗಿದೆ. ಹತ್ತು ಗಂಟೆಯವರೆಗೆ ಬಚ್ಚಲಿಗೆ ತಿರುಗಿದ್ದೇ ತಿರುಗಿದ್ದು. ಹನ್ನೊಂದಕ್ಕೆ ಇಬ್ಬರೂ ದೊಡ್ಡಕೆರೆಯ ಏರಿ ಹತ್ತಿದೆವು. ಬಿಸಿಲು ಚುರುಗುಟ್ಟುತ್ತಿತ್ತು. ಕಲ್ಲಿನ ಮೇಲೆ ಕೂತವಳಿಗೆ ಮೀನಖಂಡ ಹಿಡಿದುಕೊಂಡಿತು. ಕಾಲು ಝಾಡಿಸಲೆಂದು ದಡಕ್ಕನೆ ಎದ್ದೆ. ಕೆರೆ, ಆಕಾಶ ಎರಡೂ ಕಪ್ಪಾದವು.

ಕಣ್ಣು ಬಿಟ್ಟಾಗ ಮೆಹರುನ್ನಿಸಾ ನನ್ನ ಕೆನ್ನೆ ತಟ್ಟುತ್ತಿದ್ದಳು. "ಏನೇ ಇದು, ಮಾತಾಡೇ! ಯಾ ಅಲ್ಲಾ, ನನ್ ಎದೆ ಒಡ್ದೋಯ್ತು ಕಣೇ!" ಜಟಕಾ ಹಿಡಿದು ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ವಯಸ್ಸಾದ ಡಾಕ್ಟರು. ಮಲಗಿಸಿ ಬಿ.ಪಿ. ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ನನ್ನ ಎರಡು ಮಾತ್ರೆಯ ಕಾನೂನನ್ನು ಒಪ್ಪಿಸಿದೆ.

"ಎರಡೂ ಒಟ್ಟಿಗೆ ತಗೊಳಕ್ಕೆ ಯಾರಮ್ಮ ಹೇಳಿದ್ದು?"

"ಯಾರೂ ಹೇಳ್ಲಿಲ್ಲ."

"ಯಾರನ್ನಾದ್ರೂ ಕೇಳಿದ್ರಾ?"

ನಾನು ಸೆರಗು ಸರಿಮಾಡಿಕೊಂಡೆ.

"ನೋಡಿ, ಬಿಟ್ಟೋದ ಮಾತ್ರೆ ಅವತ್ತೇ ಮಧ್ಯಾಹ್ನದೊಳಗೆ ನೆನಪಾದ್ರೆ ತಗೊಳ್ಳಿ. ಇಲ್ದಿದ್ರೆ ಬಿಟ್ಬಿಡಿ, ಮಾರನೇ ದಿನ ಒಂದೇ. ಬಸ್ಸಿದ್ರೆ ಬೇಗ ಎದ್ದು ನುಂಗಿ, ಹತ್ತು ಗಂಟೆ ಮೇಲಿನ ಬಸ್ಸಿಗೆ ಹೋಗಿ. ಬಾಯಿ ಕಟ್ಟಿ ನೀರು ಕುಡಿಯೋದು ಬಿಡ್ಬೇಡಿ, ದಿನಕ್ಕೆ ಎಷ್ಟು ಅಂತ ನಿಮ್ ಡಾಕ್ಟ್ರನ್ನ ಕೇಳಿ. ವಾಂತಿ ಭೇದಿ ಆದ್ರೆ ಮಾತ್ರೆ ನುಂಗೋಕ್ಕೆ ಮುಂಚೆ ಡಾಕ್ಟ್ರ ಹತ್ರ ಓಡಿ. ಉಪ್ಪಿನಕಾಯಿ ಹಪ್ಪಳ ದೂರ ಇಡಿ. ಏಳೋವಾಗ ಮೊದ್ಲು ಕೂತ್ಕೊಳ್ಳಿ, ಆಮೇಲೆ ನಿಂತ್ಕೊಳ್ಳಿ. ಕಾಲು ಹಿಡ್ಕೊಂಡಿದೆ ಅಂದ್ರೆ ಮೈಯಲ್ಲಿರೋ ಲವಣಗಳೂ ಹೋಗಿರಬಹುದು, ರಕ್ತ ಪರೀಕ್ಷೆ ಮಾಡಿಸ್ಲೇಬೇಕು." ತುಮಕೂರಿನ ಡಾಕ್ಟರಿಗೆ ಚೀಟಿ ಬರೆಯುತ್ತಾ ತಲೆ ಎತ್ತಿದರು. "ಮನೇಲಿ ಜೊತೆಗೆ ಯಾರಿದಾರೆ?"

"ಯಾರೂ ಇಲ್ಲ."

"ಹಂಗಾದ್ರೆ ಅಕ್ಕಪಕ್ಕದಲ್ಲಿ ಒಬ್ಬರಿಗಾದ್ರೂ ಹೇಳಿಡಿ. ಬಚ್ಚಲಲ್ಲಿ ಹಿಂಗೇ ಬಿದ್ರೆ ಯಾರಿಗೆ ಗೊತ್ತಾಗುತ್ತೆ?"

ಆ ಮಾತು ಎದೆಯಲ್ಲಿ ಕೂತಿತು. ಸಾಯುವುದಕ್ಕಲ್ಲ, ಸತ್ತದ್ದು ಯಾರಿಗೂ ತಿಳಿಯದೆ ಬಿದ್ದಿರುವುದಕ್ಕೆ ನನಗೆ ಭಯವಾಯಿತು.

ಸೋಮವಾರಕ್ಕೆ ರಜೆ ಹಾಕಿಯೇ ಬಂದಿದ್ದೆ. ಆರು ಗಂಟೆಗೆ ಒಂದೇ ಒಂದು ಮಾತ್ರೆ ನುಂಗಿ, ಹತ್ತೂವರೆಯ ಬಸ್ಸಿಗೆ ಹೊರಟೆ. "ಇಲ್ಲೇ ಇದ್ಬಿಡೇ" ಎಂದಳು ಮೆಹರುನ್ನಿಸಾ. ಇಬ್ಬರಿಗೂ ಅದು ಆಗುವ ಮಾತಲ್ಲ ಎಂದು ಗೊತ್ತಿತ್ತು. ತುಮಕೂರಿನಲ್ಲಿ ಡಾಕ್ಟರಿಗೆ ಚೀಟಿ ತೋರಿಸಿ, ಪರೀಕ್ಷೆಗೆ ರಕ್ತ ಕೊಟ್ಟು, ಗುಬ್ಬಿ ತಲುಪಿದಾಗ ನಾಲ್ಕು ಗಂಟೆ.

ನಮ್ಮದು ಐದು ಮನೆಗಳ ವಠಾರ. ನನ್ನ ಗೋಡೆಗೆ ಅಂಟಿದ ಮನೆಯವಳು ರತ್ನಮ್ಮ, ಬೆಳಿಗ್ಗೆ ಅಕ್ಕಿ ಗಿರಣಿ ಕೆಲಸಕ್ಕೆ ಹೋಗುವವಳು. ಎಂಟು ವರ್ಷದಲ್ಲಿ ನಾನು ಅವಳ ಬಾಗಿಲು ತಟ್ಟಿರಲಿಲ್ಲ. ಅಂದು ಬ್ಯಾಗು ಕೂಡ ಇಳಿಸದೆ ತಟ್ಟಿದೆ.

"ರತ್ನಮ್ಮ, ನಾನು ಬಿ.ಪಿ.ಗೆ ಮಾತ್ರೆ ತಗೋತೀನಿ. ತಲೆ ಸುತ್ತಿ ಬಿದ್ರೂ ಬೀಳಬಹುದು. ಬೆಳಿಗ್ಗೆ ನಾನು ಬಾಗಿಲು ತೆಗೀಲಿಲ್ಲ ಅಂದ್ರೆ..."

ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನ ಮೇಲೇ ರೇಗಿದಳು. "ಅಲ್ಲಾ ಮೇಡಂ, ದಿನಾ ನಿಮ್ ಬಚ್ಚಲಲ್ಲಿ ಬಕೀಟು ಸದ್ದಾದ ಮೇಲೇನೇ ನಾನು ಕೆಲ್ಸಕ್ಕೆ ಹೋಗೋದು. ನೆನ್ನೆ ಸದ್ದಿಲ್ಲ, ಬಾಗ್ಲಿಗೆ ಬೀಗ. ಹೆಡ್ ಮೇಷ್ಟ್ರ ಮನೆಗಂಟ ಹೋಗಿ ವಿಚಾರಿಸ್ಕೊಂಡ್ ಬಂದೆ. ಊರಿಗೋಗೋವಾಗ ಒಂದ್ ಮಾತು ಹೇಳ್ಬಾರ್ದಾ?"