ಐವತ್ತೆಂಟೋ ಅರವತ್ತೋ

ನನಗೆ ಐವತ್ತೆಂಟು ತುಂಬಲು ಇನ್ನೂ ಕೆಲವು ತಿಂಗಳಿರುವಾಗ ನಮ್ಮ ಕಂಪನಿಯ ಆಫೀಸಿನವರು ಕರೆದು ಎರಡು ದಾರಿ ಹೇಳಿದರು. ಐವತ್ತೆಂಟಕ್ಕೆ ಕೆಲಸ ಬಿಟ್ಟು ಸರ್ಕಾರದ ಪೆನ್ಷನ್ ಶುರು ಮಾಡಿಸಿಕೊಳ್ಳಬಹುದು. ಇಲ್ಲವೇ ಇನ್ನೆರಡು ವರ್ಷ ಕಾಂಟ್ರಾಕ್ಟ್ ಮೇಲೆ ದುಡಿದು, ಪೆನ್ಷನ್ನನ್ನು ಅರವತ್ತರವರೆಗೆ ಮುಂದೂಡಬಹುದು. ಹಾಗೆ ಕಾದರೆ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಬೆಳೆಯುತ್ತದೆ, ಬೆಳೆದದ್ದು ಬದುಕಿರುವಷ್ಟು ದಿನವೂ ಬರುತ್ತದೆ. "ಆರಾಮಾತ್ ವಿಚಾರ ಕರಾ, ಮ್ಯಾಡಮ್" ಅಂದರು. ಆರಾಮವಾಗಿ ವಿಚಾರ ಮಾಡುವುದು ನನ್ನ ಹುಟ್ಟುಗುಣದಲ್ಲೇ ಇಲ್ಲ.

ನಾನು ಸಂಭಾಜಿನಗರದ ಒಂದು ಔಷಧಿ ಕಾರ್ಖಾನೆಯಲ್ಲಿ ಗುಳಿಗೆ ತಪಾಸಣೆ ಮಾಡುವವಳು. ಬೆಲ್ಟಿನ ಮೇಲೆ ಬರುವ ಗುಳಿಗೆಗಳಲ್ಲಿ ಅಂಚು ಮುರಿದದ್ದು, ಬಣ್ಣ ತಪ್ಪಿದ್ದು ಕಂಡರೆ ಆರಿಸಿ ಬಿಸಾಡುವುದೇ ನನ್ನ ಕೆಲಸ. ನಮ್ಮವರು ನಾಸಿಕದ ಹತ್ತಿರ, ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಇಬ್ಬರೂ ಬಾಗಲಕೋಟೆ ಕಡೆಯವರು. ಮಗಳು ಶಾಲೆಗೆ ಸೇರುವ ಹೊತ್ತಿಗೆ ನನಗೆ ಇಲ್ಲಿ ಕೆಲಸ ಸಿಕ್ಕಿತು. ಒಂದು ವರ್ಷ ನೋಡೋಣ ಎಂದುಕೊಂಡು ಅವಳನ್ನು ಕರೆದುಕೊಂಡು ಬಂದೆ. ಆ ಒಂದು ವರ್ಷ ಇಪ್ಪತ್ತು ದಾಟಿತು. ಮಗಳು ಮದುವೆಯಾಗಿ ಪುಣೆಗೆ ಹೋದಳು. ಅವರು ರಿಟೈರಾಗಿ ನಾಸಿಕದ ನಮ್ಮ ಸ್ವಂತ ಮನೆಯಲ್ಲಿ ಉಳಿದರು. ನಾನು ಮಾತ್ರ ಶನಿವಾರ ಮಧ್ಯಾಹ್ನ ಕೆಂಪು ಬಸ್ಸು ಹತ್ತುವುದು, ಭಾನುವಾರ ಸಂಜೆ ತಿರುಗಿ ಬರುವುದು ನಡೆದೇ ಇತ್ತು.

ಜನ ಅಯ್ಯೋ ಪಾಪ ಅನ್ನುತ್ತಿದ್ದರು. ಪಾಪ ಅನ್ನುವಂಥದ್ದು ಏನೂ ಇರಲಿಲ್ಲ. ವಾರಕ್ಕೊಮ್ಮೆ ಸೇರುವ ಗಂಡ ಹೆಂಡತಿಗೆ ಜಗಳಾಡಲು ಪುರುಸೊತ್ತೇ ಇರುವುದಿಲ್ಲ. ಶನಿವಾರ ಅವರು ಇಸ್ತ್ರಿ ಅಂಗಿ ಹಾಕಿಕೊಂಡು, ನುಣ್ಣಗೆ ಗಡ್ಡ ಮಾಡಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು. ನಾನೂ ನಾಸಿಕ ಹತ್ತಿರವಾಗಿ ನಿಫಾಡ್ ದಾಟಿದ ಮೇಲೆ ಚೀಲದಿಂದ ಬಾಚಣಿಗೆ ತೆಗೆಯುತ್ತಿದ್ದೆ. ಈ ವಯಸ್ಸಿನಲ್ಲಿ ಎಷ್ಟು ಹೆಂಗಸರಿಗೆ ಗಂಡನನ್ನು ನೋಡುವ ಮೊದಲು ತಲೆ ಬಾಚಿಕೊಳ್ಳುವ ಉಮೇದು ಇರುತ್ತದೆ ಹೇಳಿ.

ಅದೇ ಚೀಲದಲ್ಲಿ ರೊಟ್ಟಿ ಡಬ್ಬಿಯೂ ಇರುತ್ತಿತ್ತು. ಶುಕ್ರವಾರ ಕೆಲಸ ಮುಗಿಸಿ ಬಂದು ಜೋಳದ ಹಿಟ್ಟು ನಾದಿ, ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ಖಡಕ್ ರೊಟ್ಟಿ ಮಾಡುತ್ತಿದ್ದೆ. ನಮ್ಮ ಕಡೆ ಗಂಡಸು ದುಡಿಯಲು ಊರು ಬಿಟ್ಟರೆ ಹೆಂಗಸು ರೊಟ್ಟಿ ಕಟ್ಟಿ ಕಳಿಸುವುದು ರೂಢಿ. ನಮ್ಮಲ್ಲಿ ಊರು ಬಿಟ್ಟವಳೂ ನಾನೇ, ರೊಟ್ಟಿ ಕಟ್ಟಿದವಳೂ ನಾನೇ. ನಾನಿರುವಾಗ ಬಿಸಿ ಅನ್ನ, ಚಪಾತಿ ನಡೆಯುತ್ತಿತ್ತು. ಸೋಮವಾರದಿಂದ ಅವರಿಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಮುಂದಿನ ವಾರ ಹೋದಾಗ ಡಬ್ಬಿ ತೊಳೆದು ಬೋರಲು ಹಾಕಿರುತ್ತಿದ್ದರು. ದ್ರಾಕ್ಷಿ ಕಾಲದಲ್ಲಿ ಅದರ ತುಂಬ ದಿಂಡೋರಿಯ ದ್ರಾಕ್ಷಿ ಇರುತ್ತಿತ್ತು.

ಪೆನ್ಷನ್ ವಿಷಯವನ್ನು ಆ ಶನಿವಾರ ಊಟಕ್ಕೆ ಕೂತಾಗ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅರವತ್ತರ ತನಕ ತಡಿ. ಹೆಚ್ಚಿಗಿ ಬರ್ತೈತಿ. ಅವಸರ ಏನೈತಿ?"

ನಿಜ ಹೇಳಬೇಕೆಂದರೆ ನಾನೂ ಕಾಯಬೇಕೆಂದೇ ಇದ್ದೆ. ನನ್ನ ಕೆಲಸ ನನಗೆ ಸೇರುತ್ತದೆ, ಒಬ್ಬಳೇ ಇರುವುದೂ ಸೇರುತ್ತದೆ. ಆದರೆ ಅವರು "ಸಾಕು, ಬಾ" ಅನ್ನಬೇಕಿತ್ತು, ನಾನು "ಇನ್ನೆರಡು ವರ್ಷ ತಡೀರಿ" ಅನ್ನಬೇಕಿತ್ತು. ನನ್ನ ಮಾತನ್ನು ಅವರೇ ಕಸಿದುಕೊಂಡು ಆಡಿಬಿಟ್ಟರು. ಮಗಳಿಗೆ ಫೋನ್ ಮಾಡಿದರೆ ಅವಳೂ "ಬಾಬಾ ಬರೋಬರ್ ಮ್ಹಣತಾಯತ್, ಆಯೀ" ಎಂದು ಅಪ್ಪನ ಪಕ್ಷ ಹಿಡಿದಳು. ಸಂಭಾಜಿನಗರಕ್ಕೆ ತಿರುಗಿ ಬರುವಾಗ ದಾರಿಯುದ್ದಕ್ಕೂ ಆ "ಅವಸರ ಏನೈತಿ" ಕಿವಿಯಲ್ಲೇ ಕೂತಿತ್ತು. ಐವತ್ತೆಂಟೋ ಅರವತ್ತೋ ಎನ್ನುವ ಲೆಕ್ಕ ಅಲ್ಲಿಗೆ ಮುಗಿಯಿತು. ಈ ಮನುಷ್ಯನಿಗೆ ನಾನು ಮನೆಯಲ್ಲಿ ಬೇಕೋ ಬೇಡವೋ ಎನ್ನುವುದೊಂದೇ ಉಳಿಯಿತು. ಆ ವಾರವಿಡೀ ಗುಳಿಗೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಮುಂದಿನ ಭಾನುವಾರ ನಾಸಿಕದಲ್ಲಿ ಬೆಳಿಗ್ಗೆ ಕಾಯಿಪಲ್ಲೆ ತರಲು ಹೋದಾಗ ನಮ್ಮ ಪಕ್ಕದ ಮನೆಯವರು ಸಿಕ್ಕರು. ವಿಜಯಪುರದ ಕಡೆಯ ಹೆಣ್ಣುಮಗಳು, ಗಂಡ ಬ್ಯಾಂಕಿನಲ್ಲಿದ್ದಾರೆ, ವರ್ಗವಾಗಿ ಬಂದವರು. ಮೆಂತ್ಯದ ಸಿವುಡು ಆರಿಸುತ್ತಲೇ ಅಂದರು: "ನಿಮ್ಮ ರೊಟ್ಟಿ ಭಾಳ ಚಲೋ ಇರ್ತಾವ ನೋಡ್ರಿ ಅಕ್ಕಾರ. ಸೋಮವಾರ ಬಂತಂದ್ರ ನಮ್ಮ ಮನ್ಯಾಗ ಎಲ್ಲಾರೂ ಡಬ್ಬಿ ದಾರಿ ಕಾಯ್ತಾರ."

ನಾನು ನಕ್ಕು "ಹೌದೇನ್ರಿ" ಎಂದೆ. ಮೆಂತ್ಯಕ್ಕೆ ಚೌಕಾಸಿ ಮಾಡುವುದನ್ನೂ ಮರೆತು ಮನೆಗೆ ಬಂದೆ. ಅವರು ಕಟ್ಟೆಯ ಮೇಲೆ ಪೇಪರ್ ಓದುತ್ತಾ ಕೂತಿದ್ದರು.

"ನನ್ನ ರೊಟ್ಟಿ ಯಾರು ತಿಂತಾರ್ರಿ?"

ಪೇಪರ್ ಮಡಚಿದರು. ಸುಳ್ಳು ಹೇಳಲು ಬಾರದ ಮನುಷ್ಯ. "ಹಿಂದಿನ ಹಲ್ಲು ಹೋದ್ವು. ಕಡಿಯಾಕ ಬರೂದಿಲ್ಲ."

"ಯಾವಾಗ್ರಿ?"

"ಹ್ವಾದ ದೀಪಾವಳಿ ಮುಂದ."

ಅಂದಿನಿಂದ ಇವರು ರಸ್ತೆ ತಿರುವಿನ ಪೋಳಿ-ಭಾಜಿ ಅಂಗಡಿಯಿಂದ ಮೆತ್ತಗಿನ ಚಪಾತಿ ತಂದು, ಬೇಳೆಯಲ್ಲಿ ನೆನೆಸಿ ತಿನ್ನುತ್ತಿದ್ದರಂತೆ. ನಾನು ಪ್ರತಿ ಶುಕ್ರವಾರ ಸೊಂಟ ಹಿಡಿದುಕೊಂಡು ಬಡಿದ ರೊಟ್ಟಿ ಜಿಲ್ಲೆ ದಾಟಿ ಬಂದು ಬ್ಯಾಂಕಿನವರ ಹೊಟ್ಟೆ ಸೇರುತ್ತಿತ್ತು. ಇದನ್ನು ಬರೆಯುವಾಗ ನಗು ಬರುತ್ತಿದೆ. ಅಂದು ಮೈ ಉರಿದುಹೋಯಿತು.

"ನನಗ ಒಂದು ಮಾತು ಹೇಳಬಾರದೇನ್ರಿ?"

"ರೊಟ್ಟಿ ಬ್ಯಾಡ ಅಂದ್ರ ನೀ ವಾರಾ ಬರೂದು ಬಿಟ್ಟು ತಿಂಗಳಿಗೊಮ್ಮೆ ಬರ್ತಿದ್ದಿ."

ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಹಿಡಿದುಕೊಂಡು ಕೇಳಿದೆ: "ಮತ್ತ ಪೆನ್ಷನ್ನಿಗೆ ತಡಿ ಅಂತ ಯಾಕಂದ್ರಿ? ನಾ ಬರೂದು ಬೇಕಾಗಿತ್ತಂದ್ರ ಬಾ ಅನಬೇಕಿಲ್ಲ?"

ಅವರು ಪೇಪರನ್ನು ಇನ್ನೊಂದು ಮಡಿಕೆ ಮಡಚಿದರು. ಮಾತಾಡಿದ್ದು ರಸ್ತೆಯ ಕಡೆ ನೋಡುತ್ತಾ.

"ಎರಡು ದಿನ ಆದ್ರ ಹೆಂಗೋ ಸಂಭಾಳಿಸ್ತೀನಿ. ಗಡ್ಡಾ ಮಾಡ್ಕೊಂಡು ನಿಲ್ತೀನಿ. ಸೋಮವಾರ ನೀ ನನ್ನ ನೋಡಿಲ್ಲ. ಮಧ್ಯಾಹ್ನದ ತನಕ ಹಾಸಿಗಿ ಬಿಟ್ಟು ಏಳೂದಿಲ್ಲ. ಮೆಟ್ಲ ಇಳಿಬೇಕಂದ್ರ ಗೋಡಿ ಹಿಡೀತೀನಿ. ದಿನಾ ಮನ್ಯಾಗ ಇದ್ರ ನಿನಗ ಎಲ್ಲಾ ಗೊತ್ತಾಗ್ತೈತಿ. ನೀ ಮೊದಲ ಆರಿಸಿ ಬಿಸಾಡೋ ಕೆಲಸದಾಕಿ."

ತಮಾಷೆಗೆ ಅಂದರೆಂದುಕೊಂಡು ಮುಖ ನೋಡಿದೆ. ತಮಾಷೆ ಇರಲಿಲ್ಲ. ಇಪ್ಪತ್ತು ವರ್ಷ ನಾನು ಶನಿವಾರದ ಗಂಡನ ಜೊತೆ ಸುಖವಾಗಿ ಸಂಸಾರ ಮಾಡಿದ್ದೆ. ಸೋಮವಾರದ ಗಂಡ ಒಬ್ಬ ಇದ್ದಾನೆ, ಅವನು ನನಗೆ ಅಂಜಿಕೊಂಡು ಕೂತಿದ್ದಾನೆ ಎನ್ನುವುದು ನನ್ನ ತಲೆಗೆ ಬಂದೇ ಇರಲಿಲ್ಲ. ಅವನನ್ನು ನೋಡಬೇಕು ಅನ್ನಿಸಿತು. ಬೇರೆ ಯಾವ ಲೆಕ್ಕವೂ ಬೇಡ ಅನ್ನಿಸಿತು.

"ಪೆನ್ಷನ್ ಅರ್ಜಿಗೆ ಗಂಡ ಹೆಂಡತಿದು ಜೋಡಿ ಫೋಟೊ ಬೇಕಂತ" ಎಂದೆ. "ಏಳ್ರಿ, ತಗಸಿಕೊಂಡು ಬರೂಣು. ಐವತ್ತೆಂಟಕ್ಕ ಅರ್ಜಿ ಹಾಕ್ತೀನಿ."

"ಎರಡು ವರ್ಷ ತಡದ್ರ ಹೆಚ್ಚಿಗಿ ಬರ್ತಿತ್ತಲ್ಲ?"

"ಪೆನ್ಷನ್ ಹೆಚ್ಚಿಗಿ ಆಗ್ತೈತಿ ಖರೆ. ಅಷ್ಟರಾಗ ನೀವು ಕಮ್ಮಿ ಆಗ್ತೀರಿ."

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ನನ್ನ ಕಣ್ಣೆದುರಿಗೇ, ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದರು.