ಮೇಜಿನ ಕೆಳಗಿನ ಬ್ರೇಕು

ಕಾರು ಕಲಿಸುವ ಮೇಷ್ಟ್ರ ಬಲಗಾಲಿಗೆ ಒಂದು ಚಾಳಿ. ಕಲಿಯುವವರ ಕೈಯಲ್ಲಿ ಸ್ಟೀರಿಂಗು ಕೊಂಚ ಅತ್ತಿತ್ತ ಆದರೂ ಸಾಕು, ಮೇಷ್ಟ್ರ ಸೀಟಿನ ಮುಂದಿದ್ದ ಇನ್ನೊಂದು ಬ್ರೇಕನ್ನು ಅದು ತಾನಾಗಿ ಒತ್ತಿಬಿಡುತ್ತಿತ್ತು. ಬಸ್ಸಿನಲ್ಲಿ ಕೂತರೂ ಒತ್ತುತ್ತಿತ್ತು, ಸಿನಿಮಾ ನೋಡುವಾಗಲೂ ಒತ್ತುತ್ತಿತ್ತು. ಇಷ್ಟು ವರ್ಷದಲ್ಲಿ ಅವರ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ.

ನಡುವಯಸ್ಸಿನಲ್ಲಿ ಮದುವೆಯಾದರು. ಹೆಂಡತಿಯ ಜೊತೆ ಅವಳ ಮೊದಲ ಮದುವೆಯ ಇಬ್ಬರು ಹೆಣ್ಣುಮಕ್ಕಳೂ ಮನೆಗೆ ಬಂದರು. ಮಕ್ಕಳು ಹಟ ಮಾಡಲಿಲ್ಲ, ಮೂಗು ಮುರಿಯಲಿಲ್ಲ. ಮಾತಾಡಿಸಿದರೆ 'ಹೂಂ ಸರ್' ಅನ್ನುತ್ತಿದ್ದರು, ಅಷ್ಟೆ. ತಮ್ಮ ರೂಮಿನಲ್ಲಿ ಮಾತ್ರ ಮಂಚದ ಮೇಲೆ ಹೊದಿಕೆಯ ಗುಡಾರ ಕಟ್ಟಿಕೊಂಡು, ರಾಣಿಯರಿಗೂ ರಾಕ್ಷಸರಿಗೂ ಯುದ್ಧ ಹಚ್ಚಿ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದರು. ಮೇಷ್ಟ್ರು ಬಾಗಿಲು ತಳ್ಳಿದರೆ ಇಬ್ಬರ ಬಾಯಿಗೂ ಬೀಗ. ಆ ಗುಡಾರದೊಳಗೆ ತಮಗೂ ಒಂಚೂರು ಜಾಗ ಸಿಗಬೇಕೆಂಬುದು ಅವರ ಆಸೆ. ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಕಾರು ಕಲಿಯಲು ಬರುತ್ತಿದ್ದ ನರ್ಸೊಬ್ಬಳು ಸಿಗ್ನಲ್ಲಿನಲ್ಲಿ ನಿಂತಾಗ ಒಂದು ಆಟದ ವಿಷಯ ತೆಗೆದಳು. ಒಬ್ಬರು ಕಥೆ ನಡೆಸುವುದು, ಉಳಿದವರು ಅದರೊಳಗಿನ ವೀರರಾಗಿ ತಾವೇನು ಮಾಡುತ್ತೇವೆಂದು ಹೇಳುವುದು. ಗೆದ್ದರೋ ಬಿದ್ದರೋ ದಾಳ ಹೇಳುತ್ತದೆ. ಅಂದು ಸಂಜೆಯೇ ಮೇಷ್ಟ್ರು ಆಟದ ಅಂಗಡಿಗೆ ಹೋದರು.

ಅಂಗಡಿಯಾಕೆ ಮೂರು ಪೆಟ್ಟಿಗೆ ಮುಂದಿಟ್ಟಳು. ಸೂಟ್‌ಕೇಸಿನಷ್ಟು ದೊಡ್ಡದರ ತುಂಬ ರಾಕ್ಷಸರ ಗೊಂಬೆಗಳು. ಮೇಷ್ಟ್ರ ಕಣ್ಣು ಅದರ ಮೇಲೇ ಬಿತ್ತು. ಆದರೆ ಅದರ ನಿಯಮದ ಪುಸ್ತಕ ಇಟ್ಟಿಗೆಯ ಹಾಗಿತ್ತು. ಇದನ್ನು ಓದಿ ಮುಗಿಸುವಷ್ಟರಲ್ಲಿ ಮಕ್ಕಳಿಗೆ ಮೊಮ್ಮಕ್ಕಳಾಗಿರುತ್ತಾರೆ ಎಂದು ಆಕೆಯೇ ನಕ್ಕಳು. ಎರಡನೆಯದರಲ್ಲಿ ನಿಯಮವಿತ್ತು, ಕಥೆಯಿರಲಿಲ್ಲ. ಮೂರನೆಯದು ಸಣ್ಣದು: ತೆಳು ಪುಸ್ತಕ, ಬಣ್ಣದ ದಾಳಗಳು, ಬರೆದು ಸಿದ್ಧವಾಗಿದ್ದ ವೀರರ ಕಾರ್ಡುಗಳು, ಒಂದು ಗುಹೆಯ ಕಥೆ. ಮೊದಲ ದಿನವೇ ಕಲಿಯುವವರನ್ನು ಯಾರೂ ಲಾರಿಗೆ ಹತ್ತಿಸುವುದಿಲ್ಲವಲ್ಲ ಎಂದುಕೊಂಡು ಮೇಷ್ಟ್ರು ಮೂರನೆಯದನ್ನು ಎತ್ತಿಕೊಂಡರು.

"ಕಥೆ ನಡೆಸೋರು ಯಾರು?" ಎಂದಳು ಆಕೆ.

"ನಾನೇ."

"ಹಾಗಾದ್ರೆ ಅವರು ಎಡವಿದ್ರೆ ಎಡವಲಿ, ಬಿಟ್ಬಿಡಿ."

ಮೇಷ್ಟ್ರು ತಲೆಯಾಡಿಸಿದರು. ಮಾತು ತಲೆಗೆ ಹೋಯಿತು, ಕಾಲಿಗೆ ಇಳಿಯಲಿಲ್ಲ.

ಭಾನುವಾರ ಊಟದ ಮೇಜಿನ ಮೇಲೆ ಆಟ ಶುರುವಾಯಿತು. ದೊಡ್ಡವಳು ಕತ್ತಿವೀರೆಯಾದಳು, ಚಿಕ್ಕವಳು ಕಳ್ಳಿಯಾದಳು. ಹೆಂಡತಿ ಪಕ್ಕದಲ್ಲೇ ಬಟ್ಟೆ ಮಡಚುತ್ತಾ ಕೂತಳು. ಕಳ್ಳಿ ಬಾಗಿಲು ತೆರೆಯುತ್ತೇನೆಂದರೆ ಮೇಷ್ಟ್ರು ಮೊದಲು ಅತ್ತಿತ್ತ ನೋಡು ಎಂದರು. ಸೇತುವೆ ಹತ್ತಿರ ಬಂದರೆ, ಅದು ಹಳೆಯದು, ಸುತ್ತಿಕೊಂಡು ಹೋಗಿ ಎಂದರು. ಮಲಗಿದ ಡ್ರ್ಯಾಗನ್ ಸಿಕ್ಕಿದಾಗ, ಅದರ ತಂಟೆಗೇ ಹೋಗಬೇಡಿ ಎಂದರು. ದಾಳಗಳು ಇಟ್ಟಲ್ಲೇ ಇದ್ದವು.

ದೊಡ್ಡವಳು ಆಕಳಿಸಿ, ಓದುವುದಿದೆ ಸರ್ ಎಂದು ಎದ್ದಳು. ಮೇಷ್ಟ್ರ ಮುಖ ಸಪ್ಪಗಾಯಿತು. ಅಷ್ಟರಲ್ಲಿ, ಬಿದ್ದ ಪೆನ್ಸಿಲು ಹುಡುಕುತ್ತಾ ಮೇಜಿನ ಕೆಳಗೆ ನುಸುಳಿದ್ದ ಚಿಕ್ಕವಳು ಅಲ್ಲಿಂದಲೇ ಕರೆದಳು.

"ಅಕ್ಕಾ, ಇಲ್ಲಿ ಬಗ್ಗಿ ನೋಡೇ. ಸರ್ ಬ್ರೇಕ್ ಹಾಕ್ತಿದಾರೆ."

ದೊಡ್ಡವಳು ಬಗ್ಗಿದಳು. ನಿಜವೇ. ಮೇಷ್ಟ್ರ ಬಲಗಾಲು ನೆಲವನ್ನು ಅಮುಕಿ ಹಿಡಿದಿತ್ತು.

"ನಿದ್ದೇಲೂ ಹಾಕ್ತಾರೆ ಕಣೇ," ಎಂದಳು ಹೆಂಡತಿ. "ನನ್ನ ಕಾಲನ್ನ ಕೇಳು, ಹೇಳುತ್ತೆ."

ದೊಡ್ಡವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮತ್ತೆ ಕೂತಳು. "ಬೀಳೋದೇ ಇಲ್ಲ ಅಂದ್ರೆ ಗುಹೆಗೆ ಯಾಕ್ ಹೋಗ್ಬೇಕು ಸರ್?"

ಮೇಷ್ಟ್ರು ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡರು. ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತರು.

"ಡ್ರ್ಯಾಗನ್ ಮಲಗಿದೆ. ಏನ್ ಮಾಡ್ತೀರಿ?"

"ಬಾಲ ಎಳೀತೀನಿ," ಎಂದಳು ಚಿಕ್ಕವಳು.

ಮೇಷ್ಟ್ರ ಬಲಗಾಲು ತುಡಿಯಿತು, ಒತ್ತಲು ಏನೂ ಸಿಗಲಿಲ್ಲ. ದಾಳ ಉರುಳಿಸು ಎಂದರು. ಒಂದು ಬಿತ್ತು, ಅಂದರೆ ಸೋಲು. ಡ್ರ್ಯಾಗನ್ ಎದ್ದಿತು, ಸೇತುವೆ ಮುರಿಯಿತು, ಕಳ್ಳಿಯ ಟೋಪಿ ಸುಟ್ಟು ಕರಕಲಾಯಿತು, ಕತ್ತಿವೀರೆ ತಂಗಿಯನ್ನು ಎಳೆದುಕೊಂಡು ಪಾಳುಬಾವಿಗೆ ಹಾರಿದಳು. ನಾಲ್ವರಿಗೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಮೇಜು ಊಟಕ್ಕೆ ಬೇಕೆಂದು ಹೆಂಡತಿ ಆಟ ಎತ್ತಿಸಬೇಕಾಯಿತು.

ಮರುದಿನ ಮೇಷ್ಟ್ರು ಕೆಲಸ ಮುಗಿಸಿ ಬಂದಾಗ ಮಕ್ಕಳ ರೂಮಿನ ಬಾಗಿಲು ತೆರೆದೇ ಇತ್ತು. ಗುಡಾರದ ಹೊದಿಕೆಯನ್ನು ಒಂದು ಕಡೆ ಎತ್ತಿ ಹಿಡಿದುಕೊಂಡು ದೊಡ್ಡವಳು ಕಾಯುತ್ತಿದ್ದಳು.

"ಬೇಗ ಬನ್ನಿ ಸರ್, ನಾವಿನ್ನೂ ಬಾವೀಲೇ ಇದೀವಿ," ಎಂದಳು. "ಕಾಲು ಮಾತ್ರ ಮಡಚ್ಕೊಂಡು ಕೂತ್ಕೋಬೇಕು."