ಥರ್ಮಾಮೀಟರ್ ತೋರಿಸದ ಜ್ವರ

ಅಪಾಯದ ಎದುರು ಮನುಷ್ಯನ ನಿಜಸ್ವಭಾವ ಹೊರಬೀಳುತ್ತದೆ ಎನ್ನುತ್ತಾರೆ. ನವಿ ಮುಂಬಯಿಯ ತುರ್ಭೆಯ ಬಣ್ಣದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಸೇಫ್ಟಿ ಆಫೀಸರ್ ಆಗಿದ್ದ ನಾನು ಕಂಡಂತೆ, ಸೈರನ್ ಕೂಗಿದಾಗ ಹೆಚ್ಚಿನವರು ಮೊದಲು ಕೈಯಲ್ಲಿದ್ದ ಚಹಾ ಮುಗಿಸುತ್ತಾರೆ.

ಈ ಪ್ರಸಂಗ ಮಾತ್ರ ನಡೆದದ್ದು ಸೀವುಡ್ಸ್‌ನ ನಮ್ಮ ಫ್ಲ್ಯಾಟಿನಲ್ಲಿ, ನಾನು ನಿವೃತ್ತನಾದ ಮರುವರ್ಷ. ಹೆಂಡತಿ ಸುಮತಿಯ ಕ್ಯಾನ್ಸರಿಗೆ ಕೊನೆಯ ಕೀಮೋ ಮುಗಿದಿತ್ತು. ಇನ್ನು ಚೇತರಿಕೆಯಷ್ಟೇ ಎಂದು ನಾವು ಉಸಿರು ಬಿಡುವಷ್ಟರಲ್ಲಿ ಡಾಕ್ಟರು ಕೂರಿಸಿ ಹೇಳಿದರು: ಎರಡನೆಯ ವಾರದ ಹೊತ್ತಿಗೆ ರಕ್ತದ ಬಿಳಿಕಣಗಳು, ಅವರ ಮಾತಿನಲ್ಲಿ ಕೌಂಟ್, ತಳ ಮುಟ್ಟುತ್ತವೆ. ಆಗ ಸೋಂಕು ತಗಲಿದರೆ ಎದುರಿಸಲು ದೇಹದಲ್ಲಿ ಪಡೆಯೇ ಇರುವುದಿಲ್ಲ. ಎಷ್ಟೋ ಸಲ ಜ್ವರವೊಂದೇ ಸೂಚನೆ. 100.4 ಡಿಗ್ರಿ ಮುಟ್ಟಿದರೆ ಮಾತ್ರೆ ಕೊಡದೆ ನೇರ ಕ್ಯಾಶುವಾಲ್ಟಿಗೆ ಬರಬೇಕು. ತಡವಾದರೆ ಕೆಲವೇ ಗಂಟೆಗಳಲ್ಲಿ ಕೈಮೀರಬಹುದು.

ಇಂಥ ಆದೇಶ ಪಾಲಿಸಲೆಂದೇ ನಾನು ಹುಟ್ಟಿದವನು. ಮನೆಯಲ್ಲಿ ಸೇಫ್ಟಿ ನಿಯಮ ಜಾರಿಯಾಯಿತು. ಹಸಿ ಕೋಸಂಬರಿ ಬಂದ್. ಚಪ್ಪಲಿ ಹೊಸಿಲಾಚೆ. ಕೆಮ್ಮುತ್ತ ಬಂದ ಸೊಸೈಟಿ ಸೆಕ್ರೆಟರಿ ಲಿಫ್ಟಿನಿಂದಲೇ ವಾಪಸ್.

"ಇದು ಮನೆಯಾ, ನಿಮ್ಮ ಪ್ಲಾಂಟಾ ಮಾರಾಯ್ರೆ?" ಎಂದಳು ಸುಮತಿ. "ನನಗೂ ಒಂದು ಹೆಲ್ಮೆಟ್ ಕೊಡಿ. ತಲೆಯಲ್ಲಿ ಕೂದಲಂತೂ ಇಲ್ಲ, ಸರಿಯಾಗಿ ಕೂರ್ತದೆ."

ಡಾಕ್ಟರು ಹೇಳಿದ್ದ ಆ ಎರಡನೆಯ ವಾರದ ಒಂದು ಬೆಳಿಗ್ಗೆ ಅವಳ ಅಣ್ಣನ ಹೆಂಡತಿ ವಾರಿಜಕ್ಕ ಡೊಂಬಿವಲಿಯಿಂದ ಹೊರಟು, ಠಾಣೆಯಲ್ಲಿ ಟ್ರೇನು ಬದಲಿಸಿ ಬಂದರು. ಸ್ಟೇಷನ್ನಿನಿಂದ ನಾನೇ ಕರೆತಂದೆ. ಮಾಸ್ಕ್ ತೆಗೆಯದೆ ಅಡುಗೆಮನೆ ಹೊಕ್ಕು ಗಂಜಿ, ಪಡವಲಕಾಯಿ ಪಲ್ಯಕ್ಕೆ ಕೈಹಾಕಿದರು. ಅಷ್ಟು ದೂರದಿಂದ ಬಂದವರನ್ನು ಊಟವಿಲ್ಲದೆ ಕಳಿಸುವುದು ನಮ್ಮ ಉಡುಪಿ ಕಡೆಯವರ ಕಾನೂನಿನಲ್ಲಿ ಜಾಮೀನಿಲ್ಲದ ಅಪರಾಧ.

ಹನ್ನೊಂದರ ಹೊತ್ತಿಗೆ ಥರ್ಮಾಮೀಟರ್ ಇಟ್ಟೆ: 98.8. ಸಂತೋಷಪಡಬೇಕಿತ್ತು. ಆದರೆ ಅಕ್ಟೋಬರಿನ ಸೆಕೆಯಲ್ಲಿ ಸುಮತಿ ಫ್ಯಾನ್ ಆರಿಸಿ, ಶಾಲು ಹೊದ್ದು ಕೂತಿದ್ದಳು. ಹಣೆಯಲ್ಲಿ ಬೆವರು, ಮಾತು ನಿಧಾನ. ಒತ್ತಡದ ಗೇಜು ನೆಟ್ಟಗಿದ್ದು ಪೈಪು ನಡುಗುತ್ತಿದ್ದರೆ ಪೈಪನ್ನೇ ನಂಬಿ ಎಂದು ಹೊಸಬರಿಗೆ ಕಲಿಸಿದವನು ನಾನು.

"ಹೊರಡು, ಆಸ್ಪತ್ರೆಗೆ."

"ಜ್ವರ ಇಲ್ಲವಲ್ಲ. ಅತ್ತಿಗೆಯ ಊಟ ಆಗ್ಲಿ, ಆಮೇಲೆ ನೋಡುವ."

"ಊಟ ಎಲ್ಲಿಗೂ ಓಡಿ ಹೋಗುದಿಲ್ಲ," ಎಂದು ವಾರಿಜಕ್ಕ ಗ್ಯಾಸ್ ಆರಿಸಿದರು.

ಮೂವರೂ ಹತ್ತಿದ ಟ್ಯಾಕ್ಸಿ ವಾಶಿಯ ಆಸ್ಪತ್ರೆ ತಲುಪುವವರೆಗೂ ಅವಳ ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು. ಕ್ಯಾಶುವಾಲ್ಟಿಯ ನರ್ಸ್ ಅಳೆದು ನೋಡಿ ಹೇಳಿದಳು: "ಅಂಕಲ್, ಟೆಂಪರೇಚರ್ ತೋ ನಾರ್ಮಲ್ ಹೈ. ಓಪಿಡಿ ಮೆ ನಂಬರ್ ಲಗಾವೊ." ಹೊರರೋಗಿಗಳು ಸರದಿ ಕಾಯುವ ಆ ಓಪಿಡಿಯ ಬೆಂಚುಗಳ ತುಂಬ ಕೆಮ್ಮುವವರು, ಸೀನುವವರು. ಅಲ್ಲಿ ಅವಳನ್ನು ಕೂರಿಸುವುದೆಂದರೆ ಬೆಂಕಿಯ ಪಕ್ಕ ಥಿನ್ನರ್ ಡ್ರಮ್ಮು ಇಟ್ಟಂತೆ.

"ಸುಮತಿ, ಬೆಳಿಗ್ಗೆ ಎಂತ ತಗೊಂಡೆ?" ಎಂದೆ.

ಅವಳು ಅತ್ತಿಗೆಯ ಮುಖ ನೋಡಿದಳು.

"ಹೇಳು ಮಾರಾಯ್ತಿ," ಎಂದರು ವಾರಿಜಕ್ಕ. "ನನ್ನ ಪಡವಲಕಾಯಿಗೋಸ್ಕರ ಸಾಯ್ಬೇಡ."

"ಜ್ವರದ ಮಾತ್ರೆ. ಇವರು ಸ್ಟೇಷನ್ನಿಗೆ ಹೋದಾಗ ನೋಡಿದೆ, ನೂರಾ ಎರಡಿತ್ತು. ನೀವು ಬಂದ ಕಾಲಲ್ಲೇ ವಾಪಸ್ ಹೋಗುದು ಬೇಡ ಅಂತ..."

ಮಾತ್ರೆ ಅಂಕಿಯನ್ನು ಇಳಿಸಿತ್ತು, ಸೋಂಕನ್ನಲ್ಲ. "ಸಿಸ್ಟರ್, ಗೋಲಿ ಲೇಕೆ ನಾರ್ಮಲ್ ಹೈ," ಎಂದೆ. "ಸುಬಹ್ ಏಕ್ ಸೌ ದೋ ಥಾ. ಕೀಮೋ ಪೇಷಂಟ್ ಹೈ."

ನರ್ಸ್ ಒಳಗೆ ಕೂಗಿ ಹೇಳಿದಳು. ಗಾಲಿಕುರ್ಚಿ ಬಂತು. ಬಿ.ಪಿ. ಕುಸಿಯುತ್ತಿತ್ತು. ರಕ್ತ ತೆಗೆದವರು ರಿಪೋರ್ಟಿಗೆ ಕಾಯದೆ ಆಂಟಿಬಯೋಟಿಕ್ ಡ್ರಿಪ್ ಹಚ್ಚಿದರು.

ಅಲಾರ್ಮಿನ ತಂತಿ ಕಿತ್ತ ಹಲವರನ್ನು ನಾನು ಕೆಲಸದಲ್ಲಿದ್ದಾಗ ವಿಚಾರಣೆ ಮಾಡಿದ್ದೇನೆ. ಒಬ್ಬನೂ ದುಷ್ಟನಲ್ಲ. ತಮ್ಮಿಂದಾಗಿ ನಾಲ್ಕು ಜನರ ಕೆಲಸ ನಿಲ್ಲಬಾರದೆನ್ನುವ ಸಜ್ಜನರೇ ಎಲ್ಲರೂ. ಅಂಥವರನ್ನು ಗದರಿಸಿದರೆ ಮುಂದಿನ ಸಲ ಇನ್ನಷ್ಟು ಜಾಣತನದಿಂದ ಕೀಳುತ್ತಾರೆ. ಕೆಲಸ ನಿಂತರೂ ಯಾರೂ ಬೇಸರಪಡುವುದಿಲ್ಲ ಎಂದು ಅವರಿಗೆ ಮನವರಿಕೆಯಾಗಬೇಕು. ಹಾಗಾಗಿ ಸಂಜೆ ಅವಳಿದ್ದ ಐಸಿಯು ಒಳಗೆ ನನ್ನನ್ನು ಬಿಟ್ಟಾಗ ಮಾತ್ರೆಯ ಸುದ್ದಿ ಎತ್ತಲಿಲ್ಲ. "ವಾರಿಜಕ್ಕನ ಊಟ ಆಯಿತು. ಕೆಳಗೆ ವಡಾಪಾವ್ ತಿಂದರು, ಚೆನ್ನಾಗಿತ್ತಂತೆ," ಎಂದೆ.

"ಛೆ, ಅಷ್ಟು ದೂರದಿಂದ ಬಂದವರಿಗೆ ವಡಾಪಾವಾ?" ಎಂದು ಅವಳು ಕಣ್ಣು ಮುಚ್ಚಿದಳು.

ರಕ್ತದಲ್ಲಿ ಸೋಂಕಿತ್ತು. ಔಷಧಿ ಹಿಡಿಯಿತು. ಕೌಂಟ್ ಏರಿದ ಮೇಲೆ, ಮುಂದಿನ ವಾರ, ಸುಮತಿಯನ್ನು ಡಿಸ್ಚಾರ್ಜ್ ಮಾಡಿದರು.